ಪಂಪ್ ಬಿಚ್ಚುವ ಮೊದಲು ಡೀಸೆಲ್ ಬರುವ ದಾರಿ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೇ ಲಾರಿಗಳ ಡೀಸೆಲ್ ಪಂಪಿನ ಬಗ್ಗೆಯೇ, ಅಂದರೆ ಡೀಸೆಲನ್ನು ಅಳೆದು ಒತ್ತಡದಲ್ಲಿ ಇಂಜಿನಿಗೆ ಕಳಿಸುವ ಪಂಪಿನ ಬಗ್ಗೆಯೇ ಇವೆ. ಮಳೆ ನಿಂತು ಕಾಫಿ ಕೊಯ್ಲು, ಶುಂಠಿ ಲೋಡು ಶುರುವಾಗುವ ಹೊತ್ತಿಗೆ ಹಾಸನ, ಚಿಕ್ಕಮಗಳೂರು ಕಡೆಯಿಂದ ಇಂಥ ಪತ್ರಗಳು ಬಂದೇ ಬರುತ್ತವೆ. ಆಲೂರಿನವರ ಪ್ರಶ್ನೆ ಉದ್ದವಿದೆ. ಅದರಲ್ಲಿ ಎಲ್ಲರಿಗೂ ಬೇಕಾದ ವಿಷಯವಿದೆ, ಹಾಗಾಗಿ ಉತ್ತರವನ್ನೂ ಉದ್ದಕ್ಕೇ ಬರೆದಿದ್ದೇನೆ.

ಪ್ರಶ್ನೆ: ಸರ್ ನಮಸ್ಕಾರ. ನಮ್ಮದು 1998ರ ಟಾಟಾ 1612 ಲಾರಿ. ಆರು ಸಿಲಿಂಡರಿನ 697 ಇಂಜಿನ್, ಮೈಕೋ ಇನ್‌ಲೈನ್ ಪಂಪ್. ಮಂಗಳೂರಿಗೆ ಶುಂಠಿ ಇಳಿಸಿ ವಾಪಸ್ ಬರುವಾಗ ಗೊಬ್ಬರ ಹಾಕಿಕೊಂಡು ಬರುತ್ತೇವೆ. ಈಗ ಬೆಳಿಗ್ಗೆ ಕೈಪಂಪ್ ಒತ್ತದೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಆಮೇಲೆ ಖಾಲಿ ಗಾಡಿ ಚೆನ್ನಾಗಿಯೇ ಓಡುತ್ತದೆ. ಲೋಡ್ ಇದ್ದು ಗುಂಡ್ಯದಿಂದ ಶಿರಾಡಿ ಹತ್ತುವಾಗ ಅರ್ಧ ದಾರಿಗೆ ಎಳೆತ ಬಿದ್ದುಹೋಗುತ್ತದೆ. ಪಕ್ಕಕ್ಕೆ ಹಾಕಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಎಳೆಯುತ್ತದೆ. ಒಬ್ಬ ಮೇಸ್ತ್ರಿ ಪಂಪಿನ ಸ್ಕ್ರೂ ತಿರುಗಿಸಿ ಕೊಟ್ಟರು. ಕಪ್ಪು ಹೊಗೆ ಜಾಸ್ತಿ ಆಯಿತೇ ಹೊರತು ಎಳೆತ ಬರಲಿಲ್ಲ. ಇನ್ನೊಬ್ಬರು ಎಲಿಮೆಂಟ್ ಹೋಗಿದೆ, ಪಂಪ್ ಪೂರ್ತಿ ಮಾಡಿಸಬೇಕು ಎನ್ನುತ್ತಾರೆ. ಅಷ್ಟು ದುಡ್ಡು ಈಗ ಹೊಂದಿಸುವುದು ಕಷ್ಟ. ಪಂಪ್ ನಿಜವಾಗಿಯೂ ಹೋಗಿದೆಯಾ?
– ಲಾರಿ ಮಾಲೀಕರು, ಆಲೂರು

ಉತ್ತರ: ನೀವು ಬರೆದ ಲಕ್ಷಣ ನೋಡಿದರೆ ಎಲಿಮೆಂಟಿನ ಮೇಲೆ ನನಗೆ ಅನುಮಾನ ಕಡಿಮೆ. ದುಡ್ಡು ಹೊಂದಿಸಲು ಈಗಲೇ ಓಡಾಡಬೇಡಿ.

ಯಾಕೆ ಅಂತ ಹೇಳುತ್ತೇನೆ. ಎಲಿಮೆಂಟ್ ಅಂದರೆ ಡೀಸೆಲ್ ಒತ್ತುವ ಕಡ್ಡಿಯಂಥ ಪ್ಲಂಜರ್ ಮತ್ತು ಅದು ಓಡಾಡುವ ಕೊಳವೆ, ಅಂದರೆ ಬ್ಯಾರಲ್. ಇವೆರಡರ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ 2ರಿಂದ 4 ಭಾಗ ಅಷ್ಟೇ. ಆ ಸಂದು ಸವೆದು ದೊಡ್ಡದಾದರೆ ಡೀಸೆಲ್, ಅದನ್ನು ಸಿಲಿಂಡರಿಗೆ ಚಿಮುಕಿಸುವ ನಾಝಲ್ ಕಡೆ ಹೋಗುವ ಬದಲು ಕೆಳಕ್ಕೆ ಜಾರುತ್ತದೆ. ತಣ್ಣಗಿರುವ ಡೀಸೆಲ್ ಸ್ವಲ್ಪ ಮಂದ, ಜಾರುವುದು ಕಡಿಮೆ. ಬಿಸಿಯಾದಾಗ ತೆಳ್ಳಗಾಗಿ ಜಾಸ್ತಿ ಜಾರುತ್ತದೆ. ಅದಕ್ಕೇ ಎಲಿಮೆಂಟ್ ಸವೆದ ಗಾಡಿ ಬೆಳಿಗ್ಗೆ ಹೇಗೋ ಸ್ಟಾರ್ಟ್ ಆಗುತ್ತದೆ, ಆದರೆ ಸಕಲೇಶಪುರದಲ್ಲಿ ಊಟಕ್ಕೆ ನಿಲ್ಲಿಸಿ ಬಂದು ಸೆಲ್ಫ್ ಹೊಡೆದರೆ ಸತಾಯಿಸುತ್ತದೆ. ಪಂಪಿನ ಮೇಲೆ ತಣ್ಣೀರಿನ ಬಟ್ಟೆ ಹಾಕಿ ಸ್ಟಾರ್ಟ್ ಮಾಡುವ ಡ್ರೈವರುಗಳನ್ನು ನೀವೂ ನೋಡಿರಬಹುದು. ಅವರ ಗಾಡಿಯ ಕಾಯಿಲೆ ಅದು. ನಿಮ್ಮದು ಉಲ್ಟಾ ಅಲ್ವಾ? ರಾತ್ರಿ ನಿಂತ ಗಾಡಿ ಬೆಳಿಗ್ಗೆ ತೊಂದರೆ ಕೊಡುತ್ತದೆ, ಬಿಸಿಯಾದ ಮೇಲೆ ಸ್ಟಾರ್ಟಿಂಗ್ ತಕರಾರಿಲ್ಲ.

ಬೆಳಿಗ್ಗೆ ಕೈಪಂಪ್ ಒತ್ತಬೇಕು ಅಂದರೆ ರಾತ್ರಿಯಲ್ಲಿ ಪೈಪಿನ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿದೆ ಅಂತ ಅರ್ಥ. ಎಲ್ಲೋ ಗಾಳಿ ಒಳಗೆ ಬಂದರೆ ಮಾತ್ರ ಅದು ಇಳಿಯುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ, ಅಂದರೆ ದೊಡ್ಡ ಪಂಪಿಗೆ ಡೀಸೆಲ್ ಒದಗಿಸುವ ಸಣ್ಣ ಪಂಪಿನವರೆಗಿನ, ಪೈಪಿನಲ್ಲಿ ಡೀಸೆಲ್ ಒತ್ತಡದಿಂದ ಬರುವುದಿಲ್ಲ, ಫೀಡ್ ಪಂಪ್ ಅದನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಅಲ್ಲಿ ಸಂದು ಬಿಟ್ಟರೆ ಡೀಸೆಲ್ ಹೊರಗೆ ತೊಟ್ಟಿಕ್ಕುವುದು ಅಪರೂಪ, ಸೀಳಿದ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ ಗಾಳಿ ಸೇರಿಕೊಂಡು ಬರುತ್ತದೆ. ಎಲ್ಲೂ ಸೋರುತ್ತಿಲ್ಲವಲ್ಲ ಎಂದು ಮೇಸ್ತ್ರಿ ಪೈಪನ್ನು ಬಿಟ್ಟು ಪಂಪಿಗೆ ಕೈ ಹಾಕುವುದು ಇಲ್ಲೇ.

ಇದನ್ನು ಕಣ್ಣಾರೆ ನೋಡಲು ಒಂದು ದಾರಿ ಇದೆ. ಫೀಡ್ ಪಂಪಿಗೆ ಬರುವ ಪೈಪಿನ ನಡುವೆ ಒಂದು ಅಡಿ ಪಾರದರ್ಶಕ ಪೈಪ್ ಹಾಕಿ ಕ್ಲಿಪ್ ಬಿಗಿಮಾಡಿ. ಡೀಸೆಲ್ ತಡೆಯುವ ಪೈಪೇ ಇರಲಿ. ಇಂಜಿನ್ ಸ್ಟಾರ್ಟ್ ಮಾಡಿ ರೇಸ್ ಕೊಟ್ಟು ನೋಡಿ. ಡೀಸೆಲ್ ಒಂದೇ ಬಣ್ಣದಲ್ಲಿ ತುಂಬಿ ಹರಿಯಬೇಕು. ಗುಳ್ಳೆ ಬಂದರೆ ಗಾಳಿ ಅದಕ್ಕಿಂತ ಹಿಂದೆ, ಟ್ಯಾಂಕಿನ ಕಡೆಯಿಂದ ಬರುತ್ತಿದೆ. ಗುಳ್ಳೆ ಇಲ್ಲದಿದ್ದರೆ ಫೀಡ್ ಪಂಪಿನ ಒಳಗಿನ ನಾನ್ ರಿಟರ್ನ್ ವಾಲ್ವ್ ಕೂರುತ್ತಿಲ್ಲ, ಇಲ್ಲವೇ ಕೈಪಂಪಿನ ಸೀಲ್ ಹೋಗಿದೆ. ಇವು ಸಣ್ಣ ಖರ್ಚಿನ ಸಾಮಾನು. ಟ್ಯಾಂಕಿನ ಕಡೆಯಾದರೆ ಮೊದಲು ತಾಮ್ರದ ವಾಷರ್ ನೋಡಿ. ಒಮ್ಮೆ ಬಿಗಿಮಾಡಿ ಚಪ್ಪಟೆಯಾದ ವಾಷರನ್ನೇ ತಿರುಗಿಸಿ ಹಾಕುವುದು ನಮ್ಮ ಕಡೆ ದೊಡ್ಡ ರೋಗ. ಹೊಸದು ಹಾಕಿ. ಆಮೇಲೆ ರಬ್ಬರ್ ಪೈಪು. ಹಳೇ ಪೈಪ್ ಹೊರಗೆ ಗಟ್ಟಿಯಾಗಿಯೇ ಕಾಣುತ್ತದೆ, ಒಳಗಿನ ಪದರ ಮಾತ್ರ ಬಿಟ್ಟುಕೊಂಡು ಫೀಡ್ ಪಂಪಿನ ಎಳೆತ ಜಾಸ್ತಿಯಾದಾಗ ದಾರಿಯನ್ನೇ ಮುಚ್ಚುತ್ತದೆ.

ಇನ್ನು ಘಾಟಿಯ ವಿಷಯ. ನಿಲ್ಲಿಸಿದರೆ ಮತ್ತೆ ಎಳೆಯುತ್ತದೆ ಎಂದು ಬರೆದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದ ಸಾಲು ಅದು. ಸವೆದ ಎಲಿಮೆಂಟ್ ಹತ್ತು ನಿಮಿಷ ನಿಂತರೆ ಸರಿಹೋಗುವುದಿಲ್ಲ. ಆದರೆ ಟ್ಯಾಂಕಿನ ಒಳಗಿನ ಜಾಲರಿಗೆ ಕಸ ಅಂಟಿಕೊಂಡಿದ್ದರೆ ಫೀಡ್ ಪಂಪ್ ಡೀಸೆಲ್ ಎಳೆಯುವುದು ನಿಂತಾಗ ಕಸ ಕೆಳಗೆ ಬೀಳುತ್ತದೆ, ಗಾಡಿ ಮತ್ತೆ ಎಳೆಯುತ್ತದೆ, ನಾಲ್ಕು ತಿರುವು ಹೋಗುವಷ್ಟರಲ್ಲಿ ಮತ್ತೆ ಅಂಟಿಕೊಳ್ಳುತ್ತದೆ. ಟ್ಯಾಂಕ್ ಮುಚ್ಚಳದ ಗಾಳಿಕಿಂಡಿ ಮುಚ್ಚಿಹೋಗಿದ್ದರೂ ಹೀಗೇ ಆಗುತ್ತದೆ. ಡೀಸೆಲ್ ಖಾಲಿಯಾದಷ್ಟು ಗಾಳಿ ಒಳಗೆ ಹೋಗಬೇಕು. ಹೋಗದಿದ್ದರೆ ಟ್ಯಾಂಕಿನಲ್ಲಿ ನಿರ್ವಾತ ಆಗಿ ಫೀಡ್ ಪಂಪಿಗೆ ಎಳೆಯಲು ಆಗುವುದಿಲ್ಲ. ಮುಂದಿನ ಸಲ ಘಾಟಿಯಲ್ಲಿ ಎಳೆತ ಬಿದ್ದ ಕೂಡಲೇ ಪಕ್ಕಕ್ಕೆ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಚ್ಚಳ ತಿರುಗಿಸಿ ನೋಡಿ. ಬುಸ್ ಎಂದು ಗಾಳಿ ಒಳಗೆ ಎಳೆದರೆ ಕಳ್ಳ ಸಿಕ್ಕಿದ ಹಾಗೆ. ಸದ್ದು ಬರದಿದ್ದರೆ ಊರಿಗೆ ಬಂದು ಟ್ಯಾಂಕ್ ಇಳಿಸಿ ತೊಳೆಸಿ, ಎರಡೂ ಫಿಲ್ಟರ್ ಬದಲಿಸಿ, ಫೀಡ್ ಪಂಪಿನ ಕೆಳಗಿನ ಬಟ್ಟಲಿನಲ್ಲಿರುವ ಸಣ್ಣ ಜಾಲರಿಯನ್ನೂ ಬಿಚ್ಚಿ ತೊಳೆಯಿರಿ. ಈ ಜಾಲರಿ ಇದೆ ಎನ್ನುವುದೇ ಎಷ್ಟೋ ಜನಕ್ಕೆ ನೆನಪಿರುವುದಿಲ್ಲ.

ಇಷ್ಟಾದರೂ ಎಳೆತ ಬರಲಿಲ್ಲ ಅಂದರೆ ಇನ್ನೊಂದು ಜಾಗ ಇದೆ. ಪಂಪಿನಿಂದ ರಿಟರ್ನ್ ಪೈಪ್ ಹೊರಡುವ ಕಡೆ ಒಂದು ಬೋಲ್ಟ್ ಇರುತ್ತದೆ. ನೋಡಲು ಮಾಮೂಲಿ ಬೋಲ್ಟಿನ ಹಾಗೆಯೇ ಇದ್ದರೂ ಒಳಗೆ ಒಂದು ಗುಂಡು, ಒಂದು ಸ್ಪ್ರಿಂಗ್ ಇದೆ. ಅದೇ ಓವರ್‌ಫ್ಲೋ ವಾಲ್ವ್. ಪಂಪಿನ ಒಳಗೆ ಸುಮಾರು 1ರಿಂದ 1.5 ಬಾರ್ ಒತ್ತಡ ಬರುವ ತನಕ ಇದು ಡೀಸೆಲನ್ನು ಹೊರಗೆ ಬಿಡಬಾರದು. ಸ್ಪ್ರಿಂಗ್ ಮುರಿದಿದ್ದರೆ, ಅಥವಾ ಹಿಂದೆ ಯಾರೋ ಇದನ್ನು ಕಳೆದು ಬರಿಯ ತೂತಿನ ಬೋಲ್ಟ್ ಹಾಕಿದ್ದರೆ, ಫೀಡ್ ಪಂಪ್ ಕಳಿಸಿದ್ದೆಲ್ಲ ಸೀದಾ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಖಾಲಿ ಗಾಡಿಗೆ ಡೀಸೆಲ್ ಸಾಕಾಗುತ್ತದೆ, ಏರಿನಲ್ಲಿ ಲೋಡ್ ಬಿದ್ದಾಗ ಸಾಲುವುದಿಲ್ಲ. ಬಿಚ್ಚಿ, ಬಾಯಲ್ಲಿ ಊದದೆ, ಒಂದು ಕಡ್ಡಿಯಿಂದ ಗುಂಡನ್ನು ಒತ್ತಿ ನೋಡಿ. ಸ್ಪ್ರಿಂಗ್ ಹಿಂದಕ್ಕೆ ತಳ್ಳಬೇಕು. ಹತ್ತು ನಿಮಿಷದ ಕೆಲಸ.

ಪ್ರತಿ ಸಲ ಪೈಪ್ ಬಿಚ್ಚಿದ ಮೇಲೆ ಏರ್ ತೆಗೆಯುವುದು ಕ್ರಮವಾಗಿ ಆಗಬೇಕು. ಮೊದಲು ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ, ಗುಳ್ಳೆ ನಿಲ್ಲುವ ತನಕ ಕೈಪಂಪ್ ಒತ್ತಿ, ಒತ್ತುತ್ತಿರುವಾಗಲೇ ಬಿಗಿಮಾಡಿ. ಆಮೇಲೆ ಪಂಪಿನ ಮೇಲಿನ ಸ್ಕ್ರೂ. ಕೊನೆಗೆ ಬೇಕಾದರೆ ನಾಝಲ್ ಕಡೆಯ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಬೇಕು. ಕೈಪಂಪಿನ ಹಿಡಿಯನ್ನು ತಿರುಗಿಸಿ ಪೂರ್ತಿ ಕೂರಿಸುವುದನ್ನು ಮರೆಯಬೇಡಿ, ಅದರಿಂದಲೂ ಗಾಳಿ ಬರುತ್ತದೆ.

ಈಗ ನಿಮ್ಮ ಮೇಸ್ತ್ರಿ ತಿರುಗಿಸಿದ ಆ ಸ್ಕ್ರೂ. ನನಗೆ ಸಿಟ್ಟು ಬಂದದ್ದು ಅದನ್ನು ಓದಿಯೇ. ಆ ಸ್ಕ್ರೂವಿಗೆ ತಂತಿ ಕಟ್ಟಿ ಸೀಲ್ ಹಾಕಿರುವುದು ಸುಮ್ನೆ ಅಲ್ಲ. ಪೂರ್ತಿ ರೇಸ್ ಕೊಟ್ಟಾಗ ಒಂದೊಂದು ಸಿಲಿಂಡರಿಗೆ ಎಷ್ಟು ಡೀಸೆಲ್ ಹೋಗಬೇಕು ಎನ್ನುವ ಮಿತಿ ಅದು. ಅದನ್ನು ದಾಟಿಸಿದರೆ ಹೆಚ್ಚಿನ ಡೀಸೆಲ್ ಸುಡಲು ಬೇಕಾದ ಗಾಳಿ ಇಂಜಿನಿನಲ್ಲಿ ಇರುವುದಿಲ್ಲ. ನಮ್ಮ ಮಲೆನಾಡಿನ ಎತ್ತರದಲ್ಲಂತೂ ಕರಾವಳಿಗಿಂತ ಗಾಳಿ ಶೇ. 10ರಷ್ಟು ತೆಳು. ಸುಡದೆ ಉಳಿದದ್ದು ಕಪ್ಪು ಹೊಗೆಯಾಗುತ್ತದೆ, ಹೊಗೆ ನಳಿಗೆ ಕೆಂಪಗೆ ಕಾಯುತ್ತದೆ, ಘಾಟಿಯಲ್ಲಿ ಹೀಗೇ ಓಡಿಸಿದರೆ ಪಿಸ್ಟನ್ ತಲೆ ಕರಗಬಹುದು, ಹೆಡ್ ಸೀಳಬಹುದು. ಎಫ್‌ಸಿಗೆ ಹೋದಾಗ ಹೊಗೆ ಪರೀಕ್ಷೆಯಲ್ಲಿ ಹಳೇ ಡೀಸೆಲ್ ಗಾಡಿಗೆ ಇರುವ ಮಿತಿ 65 ಹಾರ್ಟ್ರಿಜ್ ಯೂನಿಟ್ (ಹೊಗೆ ಎಷ್ಟು ದಟ್ಟ ಎನ್ನುವ ಅಳತೆ). ನಿಮ್ಮದು ಈಗ ಅದರಲ್ಲಿ ಉಳಿಯುವುದು ಕಷ್ಟ. ಕಣ್ಣಂದಾಜಿನಲ್ಲಿ ಹಿಂದಕ್ಕೆ ತಿರುಗಿಸಬೇಡಿ. ಪಂಪ್ ಇಳಿಸಿ ಅಂಗಡಿಯ ಪರೀಕ್ಷೆ ಬೆಂಚಿನ ಮೇಲೆ ಕ್ಯಾಲಿಬ್ರೇಷನ್, ಅಂದರೆ ಡೀಸೆಲಿನ ಅಳತೆ ಹೊಂದಿಸುವ ಕೆಲಸ, ಮಾಡಿಸಿ. ಪೂರ್ತಿ ರಿಪೇರಿಗೂ ಬರಿಯ ಕ್ಯಾಲಿಬ್ರೇಷನ್ನಿಗೂ ಖರ್ಚಿನಲ್ಲಿ ಬಹಳ ವ್ಯತ್ಯಾಸ ಇದೆ. ಅಂಗಡಿಯಲ್ಲಿ ನೀವೇ ನಿಂತು ನೋಡಿ. ಬೆಂಚಿನ ಮುಂದೆ ಸಾಲಾಗಿ ಆರು ಗಾಜಿನ ಕೊಳವೆಗಳಿರುತ್ತವೆ, ಪಂಪ್ ತಿರುಗಿದಂತೆ ಆರರಲ್ಲೂ ಡೀಸೆಲ್ ಏರುತ್ತದೆ. ಆರೂ ಒಂದೇ ಮಟ್ಟಕ್ಕೆ ಬಂದರೆ ಎಲಿಮೆಂಟ್ ಚೆನ್ನಾಗಿವೆ. ಒಂದು ಮಾತ್ರ ಕೆಳಗೆ ಉಳಿದು ಹೊಂದಿಸಿದರೂ ಮೇಲೆ ಬರದಿದ್ದರೆ ಅದರ ಎಲಿಮೆಂಟ್ ಅಥವಾ ಪಂಪಿನಿಂದ ನಾಝಲ್ ಕಡೆಗೆ ಡೀಸೆಲ್ ಬಿಡುವ ಡೆಲಿವರಿ ವಾಲ್ವ್ ಹೋಗಿದೆ. ಸೆಲ್ಫ್ ಹೊಡೆಯುವಷ್ಟು ನಿಧಾನದಲ್ಲೂ ಒಮ್ಮೆ ಓಡಿಸಿ ತೋರಿಸಲು ಕೇಳಿ. ಸವೆತ ಬಯಲಾಗುವುದು ನಿಧಾನದಲ್ಲಿ.

ಪಂಪ್ ನಿಜವಾಗಿ ಹೋದಾಗ ಗೊತ್ತಾಗುವ ಇನ್ನೊಂದು ಗುರುತು ಇಂಜಿನ್ ಆಯಿಲ್. ಡಿಪ್ ಸ್ಟಿಕ್ ತೆಗೆದಾಗ ಆಯಿಲ್ ಕಡಿಮೆಯಾಗುವ ಬದಲು ಮೇಲೇರಿದ್ದು, ಬೆರಳಿಗೆ ನೀರಾಗಿ ಡೀಸೆಲ್ ವಾಸನೆ ಹೊಡೆದರೆ ಗಾಡಿಯನ್ನು ಆ ಕ್ಷಣಕ್ಕೇ ನಿಲ್ಲಿಸಿ. ಎಲಿಮೆಂಟಿನಿಂದಲೋ ಫೀಡ್ ಪಂಪಿನ ಸ್ಪಿಂಡಲ್ಲಿನಿಂದಲೋ ಡೀಸೆಲ್ ಇಳಿಯುತ್ತಿದೆ. ಬೇರಿಂಗ್ ಹಿಡಿದುಕೊಂಡರೆ ಇಂಜಿನ್ನೇ ಹೋಗುತ್ತದೆ. ಇನ್ನು, ಯಾವುದಾದರೂ ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದ್ದರೆ ಸ್ಲೋನಲ್ಲಿ ಒಂದೊಂದೇ ನಾಝಲ್ ನಟ್ ಸಡಿಲಿಸಿ ನೋಡಿ. ಸಡಿಲಿಸಿದರೂ ಇಂಜಿನ್ ಸದ್ದು ಬದಲಾಗದ ಸಿಲಿಂಡರೇ ಕೆಲಸ ಮಾಡುತ್ತಿಲ್ಲ. ಅದರ ನಾಝಲನ್ನು ಪಕ್ಕದ್ದಕ್ಕೆ ಅದಲುಬದಲು ಮಾಡಿ. ಮಿಸ್ ಕೂಡ ಪಕ್ಕಕ್ಕೆ ಹೋದರೆ ತಪ್ಪು ನಾಝಲಿನದು, ಅಲ್ಲೇ ಉಳಿದರೆ ಪಂಪ್ ಅಥವಾ ಕಂಪ್ರೆಷನ್. ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು, ಮುಖ ದೂರ ಇಟ್ಟು ಮಾಡಿ. ಈ ಪೈಪಿನಲ್ಲಿ ಒತ್ತಡ 200 ಬಾರ್ ದಾಟಿರುತ್ತದೆ. ಸೂಜಿಯಂಥ ಆ ಧಾರೆ ಚರ್ಮದ ಒಳಗೇ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಕಂಡರೂ ನೋವಿಲ್ಲ ಎಂದು ಸುಮ್ಮನಿರದೆ ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಿ. ತಡ ಮಾಡಿದವರು ಬೆರಳು ಕಳೆದುಕೊಳ್ಳುತ್ತಾರೆ.

ಪ್ರಶ್ನೆ: ತೋಟದ ಕೆಲಸಕ್ಕೆ ಹಳೇ ಲಾರಿ ಇಟ್ಟುಕೊಂಡಿದ್ದೇವೆ. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತಿತ್ತು. ಬ್ಯಾರಲ್ಲಿನ ಡೀಸೆಲ್ ಹಾಕಿ ಸ್ಟಾರ್ಟ್ ಮಾಡಿದರೆ ರೇಸ್ ತನ್ನಷ್ಟಕ್ಕೇ ಏರಿತು, ಇಳಿಯಲೇ ಇಲ್ಲ. ಹೇಗೋ ನಿಲ್ಲಿಸಿದೆವು. ಈಗ ಸ್ಟಾರ್ಟ್ ಮಾಡಲು ಹೆದರಿಕೆ.
– ಮೂಡಿಗೆರೆಯ ಓದುಗರು

ಉತ್ತರ: ಹೆದರಿದ್ದೇ ಒಳ್ಳೆಯದಾಯಿತು. ಕಾರಣ ತಿಳಿಯುವವರೆಗೆ ಸ್ಟಾರ್ಟ್ ಮಾಡಬೇಡಿ. ಪಂಪಿನ ಒಳಗಿನ ರ‍್ಯಾಕ್ ಜಾಸ್ತಿ ಡೀಸೆಲಿನ ಕಡೆ ಸಿಕ್ಕಿಕೊಂಡಿರುವ ಹಾಗೆ ಕಾಣುತ್ತದೆ. ಇಂಜಿನಿಗೆ ಹೋಗುವ ಡೀಸೆಲನ್ನು ಹೆಚ್ಚು ಕಡಿಮೆ ಮಾಡುವ ಸರಳು ಅದು. ನೀರು ಸೇರಿದ ಡೀಸೆಲ್ ತಿಂಗಳುಗಟ್ಟಲೆ ಪಂಪಿನಲ್ಲಿ ನಿಂತರೆ ಪ್ಲಂಜರ್ ತುಕ್ಕು ಹಿಡಿದು ಅಲ್ಲೇ ಅಂಟಿಕೊಳ್ಳುತ್ತದೆ. ಇನ್‌ಲೈನ್ ಪಂಪಿನ ಪಕ್ಕದಲ್ಲಿ ಒಂದು ಸಣ್ಣ ಮುಚ್ಚಳ ಇದ್ದರೆ ಅದನ್ನು ಬಿಚ್ಚಿ, ರ‍್ಯಾಕ್ ಬೆರಳಿನಲ್ಲಿ ಸಲೀಸಾಗಿ ಆಚೀಚೆ ಹೋಗುತ್ತದೆಯೇ ನೋಡಿ. ಹೋಗದಿದ್ದರೆ ಇಕ್ಕಳ ಹಾಕಿ ಎಳೆಯಬೇಡಿ, ಪಂಪನ್ನು ಬೆಂಚಿಗೆ ಕಳಿಸಿ. ಇತ್ತೀಚೆಗೆ ಯಾರಾದರೂ ಪೈಪ್ ಬಿಗಿಮಾಡುವಾಗ ಕೆಳಗಿನ ಡೆಲಿವರಿ ವಾಲ್ವ್ ಹೋಲ್ಡರನ್ನೂ ಜೋರಾಗಿ ತಿರುಗಿಸಿದ್ದಾರಾ ಎಂದೂ ವಿಚಾರಿಸಿ. ಅದು ಮಿತಿ ಮೀರಿ ಬಿಗಿಯಾದರೆ ಪಂಪಿನ ಎಲಿಮೆಂಟಿನ ಬ್ಯಾರಲ್ ಅಮುಕಿ ರ‍್ಯಾಕ್ ಹಿಡಿಯುತ್ತದೆ.

ಹೀಗೆ ರೇಸ್ ಏರಿದಾಗ ಸ್ಟಾಪ್ ಎಳೆದರೂ ನಿಲ್ಲದಿರಬಹುದು. ಚಕ್ರಕ್ಕೆ ಅಡ್ಡ ಕೊಟ್ಟು, ಟಾಪ್ ಗೇರಿಗೆ ಹಾಕಿ, ಬ್ರೇಕ್ ಪೂರ್ತಿ ಒತ್ತಿ ಕ್ಲಚ್ ಬಿಡಿ, ಇಂಜಿನ್ ಹೊಡೆದು ನಿಲ್ಲುತ್ತದೆ. ಇಲ್ಲವೇ ಗಾಳಿ ಒಳಹೋಗುವ ಬಾಯಿಗೆ ಹಲಗೆ ಒತ್ತಿ ಹಿಡಿಯಿರಿ. ಕೈ, ಬಟ್ಟೆ ಬೇಡವೇ ಬೇಡ.

ನಿಮ್ಮ ಬ್ಯಾರಲ್ ಬಗ್ಗೆ ಎರಡು ಮಾತು. 200 ಲೀಟರಿನ ಬ್ಯಾರಲನ್ನು ಬಯಲಲ್ಲಿ ನಿಲ್ಲಿಸಿದರೆ ಮಳೆ ನೀರು ಅದರ ತಲೆ ಮೇಲೆ ಬಿರಡೆಯ ಸುತ್ತ ನಿಲ್ಲುತ್ತದೆ. ಹಗಲು ಬಿಸಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ರಾತ್ರಿ ತಣ್ಣಗಾದಾಗ ಕುಗ್ಗಿ ಆ ನೀರನ್ನೇ ಬಿರಡೆಯ ಸಂದಿನಿಂದ ಒಳಗೆ ಎಳೆದುಕೊಳ್ಳುತ್ತದೆ. ಬಿರಡೆ ಬಿಗಿಯಾಗಿಯೇ ಇತ್ತು ಎಂದು ಎಲ್ಲರೂ ಹೇಳುತ್ತಾರೆ. ಮೂಡಿಗೆರೆ ಮಳೆಗೆ ಅದು ಸಾಲದು. ಸೂರಿನ ಕೆಳಗೆ, ಮಲಗಿಸಿ, ಎರಡು ಬಿರಡೆಗಳೂ ಎಡ ಬಲಕ್ಕೆ ಒಂದೇ ಮಟ್ಟದಲ್ಲಿ ಇರುವಂತೆ ಇಡಿ. ಬಳಸುವ ಹಿಂದಿನ ದಿನವೇ ಎತ್ತಿ ನಿಲ್ಲಿಸಿ, ನೀರು ತಳಕ್ಕೆ ಇಳಿಯಲಿ. ಎಳೆಯುವ ಪೈಪ್ ತಳಕ್ಕೆ ಮುಟ್ಟದೆ ನಾಲ್ಕು ಬೆರಳು ಮೇಲಿರಲಿ. ಫೆಬ್ರುವರಿ, ಮಾರ್ಚಿನಲ್ಲಿ ಹೂ ಬಿಡಿಸಲು ಸ್ಪ್ರಿಂಕ್ಲರ್ ಹಾಕುವ ಡೀಸೆಲ್ ಇಂಜಿನ್ನಿಗೂ ಇದೇ ಬ್ಯಾರಲ್ ತಾನೇ? ಅದರ ಪಂಪೂ ಉಳಿಯುತ್ತದೆ.

ಪ್ರಶ್ನೆ: ನಮ್ಮಲ್ಲಿ ಹೊಂಗೆ ಮರ ಬಹಳ ಇವೆ. ಗಾಣದಲ್ಲಿ ತೆಗೆದ ಹೊಂಗೆ ಎಣ್ಣೆಯನ್ನು ಡೀಸೆಲಿಗೆ ಬೆರೆಸಿ ಹಳೇ ಲಾರಿಗೆ ಹಾಕಬಹುದಾ? ಹಳೇ ಪಂಪ್ ಏನು ಹಾಕಿದರೂ ಓಡುತ್ತದೆ ಎನ್ನುತ್ತಾರೆ.
– ಅರಸೀಕೆರೆಯ ಓದುಗರು

ಉತ್ತರ: ಗಾಣದ ಎಣ್ಣೆಯನ್ನು ಹಾಗೇ ಹಾಕಬೇಡಿ. ಬಂಕಿನ ಡೀಸೆಲಿನ ಮಂದತನ 40 ಡಿಗ್ರಿಯಲ್ಲಿ 2ರಿಂದ 4.5 ಸೆಂಟಿಸ್ಟೋಕ್. ಹಸಿ ಹೊಂಗೆ ಎಣ್ಣೆ ಅದರ ಹತ್ತು ಪಟ್ಟಿನಷ್ಟು ಮಂದ. ನಾಝಲಿನಲ್ಲಿ ಮಂಜಿನ ಹಾಗೆ ಒಡೆಯದೆ ಹನಿಯಾಗಿ ಬೀಳುತ್ತದೆ, ಅರ್ಧ ಸುಟ್ಟು ಕರಿ ಕಟ್ಟುತ್ತದೆ, ಗಾಡಿ ನಿಂತಾಗ ಪ್ಲಂಜರಿನಲ್ಲಿ ಅಂಟಾಗುತ್ತದೆ. ಹೊಂಗೆಯಿಂದ ಬಯೋಡೀಸೆಲ್ ಮಾಡುವುದು ಬೇರೆ ಕೆಲಸ. ಮೆಥನಾಲ್ ಮತ್ತು ಕ್ಷಾರ ಸೇರಿಸಿ ಗ್ಲಿಸರಿನ್ ಬೇರ್ಪಡಿಸಿ ತೊಳೆದ ಮೇಲೆ ಮಂದತನ ಡೀಸೆಲಿನ ಹತ್ತಿರಕ್ಕೆ ಬರುತ್ತದೆ. ಹಾಸನದ ಹತ್ತಿರ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಶುರುಮಾಡಿದ ಜೈವಿಕ ಇಂಧನ ಪಾರ್ಕ್ ಇದೆ. ಅಲ್ಲಿಗೆ ಹೋಗಿ ಕೇಳಿ ತಿಳಿದುಕೊಳ್ಳಿ, ಅರಸೀಕೆರೆಯಿಂದ ದೂರವೂ ಅಲ್ಲ. ಸೀಮೆಎಣ್ಣೆ ಬೆರೆಸುವ ಸಲಹೆಯನ್ನಂತೂ ಯಾರು ಕೊಟ್ಟರೂ ಕೇಳಬೇಡಿ. ಇನ್‌ಲೈನ್ ಪಂಪಿನ ಪ್ಲಂಜರಿಗೆ ಡೀಸೆಲೇ ಎಣ್ಣೆ, ಸೀಮೆಎಣ್ಣೆಗೆ ಆ ಜಿಡ್ಡು ಇಲ್ಲ.

ಪ್ರಶ್ನೆ: ಈಗಿನ ಬಿಎಸ್ 6 ಡೀಸೆಲ್ ಹಳೇ ಪಂಪುಗಳನ್ನು ತಿಂದುಹಾಕುತ್ತದೆ, ಲೀಟರಿಗೆ ಇಷ್ಟು ಅಂತ ಆಯಿಲ್ ಬೆರೆಸಬೇಕು ಎನ್ನುತ್ತಾರೆ. ನಿಜವೇ?
– ಕಡೂರಿನ ಓದುಗರು

ಉತ್ತರ: ಬೆರೆಸುವುದು ಬೇಡ. 2020ರ ಏಪ್ರಿಲ್ 1ರಿಂದ ದೇಶದ ಎಲ್ಲ ಬಂಕುಗಳಲ್ಲೂ ಗಂಧಕ 10 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಹತ್ತು ಭಾಗ) ಮೀರದ ಈ ಬಿಎಸ್ 6 ಡೀಸೆಲ್ ಬರುತ್ತಿದೆ. ಗಂಧಕ ತೆಗೆಯುವಾಗ ಜಿಡ್ಡೂ ಕಡಿಮೆಯಾಗುತ್ತದೆ ಎನ್ನುವುದು ನಿಜ, ಆದರೆ ಜಿಡ್ಡು ಇಷ್ಟಿರಲೇಬೇಕು ಎನ್ನುವ ನಿಯಮವೂ ಇದೆ, ಅದಕ್ಕೆ ಬೇಕಾದ ಔಷಧಿಯನ್ನು ಬಂಕಿಗೆ ಬರುವ ಮೊದಲೇ ಸೇರಿಸಿರುತ್ತಾರೆ. ಹಳೇ ಪಂಪಿನಲ್ಲಿ ತೊಂದರೆ ಕೊಡುವುದು ಗಟ್ಟಿಯಾದ ರಬ್ಬರ್ ರಿಂಗುಗಳು. ಅವು ಸೋರಲು ಶುರುವಾದರೆ ಬದಲಿಸಿ, ಅಷ್ಟು ಸಾಕು.

ಪ್ರಶ್ನೆ: ಪಂಪ್ ಕ್ಯಾಲಿಬ್ರೇಷನ್ ಮಾಡಿಸಿ ತಂದು ನಮ್ಮ ಮೇಸ್ತ್ರಿಯೇ ಕೂರಿಸಿದರು. ಆರು ಸಿಲಿಂಡರ್ ಗಾಡಿ. ಈಗ ಬಿಳಿ ಹೊಗೆ, ಕಣ್ಣು ಉರಿಯುತ್ತದೆ, ಎಳೆತವೂ ಇಲ್ಲ. ಅಂಗಡಿಯವರು ಪಂಪ್ ಸರಿ ಇದೆ ಎನ್ನುತ್ತಾರೆ.
– ಬೇಲೂರಿನ ಓದುಗರು

ಉತ್ತರ: ಅಂಗಡಿಯವರ ಮಾತು ನಿಜವಿರಬಹುದು. ಕಣ್ಣು ಉರಿಸುವ ಬಿಳಿ ಹೊಗೆ ಅಂದರೆ ಡೀಸೆಲ್ ತಡವಾಗಿ ಬಿದ್ದು ಸುಡದೆ ಹೊರಗೆ ಬರುತ್ತಿದೆ. ಪಂಪಿನ ಟೈಮಿಂಗ್ ಹಿಂದಿದೆ. ಒಂದನೇ ಸಿಲಿಂಡರನ್ನು ಕಂಪ್ರೆಷನ್ನಿಗೆ ತನ್ನಿ. ಒಂದು ಮತ್ತು ಆರು ಒಟ್ಟಿಗೇ ಮೇಲೆ ಬರುತ್ತವೆ, ಹಾಗಾಗಿ ಫ್ಲೈವೀಲ್ ಗುರುತು ನೋಡಿದರೆ ಮಾತ್ರ ಸಾಲದು. ಟ್ಯಾಪೆಟ್ ಕವರ್ ತೆಗೆದು ನೋಡಿದಾಗ ಆರನೆಯದರಲ್ಲಿ ಒಂದು ವಾಲ್ವ್ ಮುಚ್ಚುತ್ತಾ ಇನ್ನೊಂದು ತೆರೆಯುವ ಜಾಗದಲ್ಲಿದ್ದು ಒಂದನೆಯದರ ಎರಡೂ ಸಡಿಲ ಇರಬೇಕು. ಅಲ್ಲಿಂದ ಫ್ಲೈವೀಲನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಕಂಪನಿ ಹೇಳಿದ ಡಿಗ್ರಿ ಗುರುತಿಗಿಂತಲೂ ಹಿಂದಕ್ಕೆ ಹೋಗಿ, ಪಂಪಿನ ಒಂದನೇ ಡೆಲಿವರಿ ವಾಲ್ವ್ ಮತ್ತು ಸ್ಪ್ರಿಂಗ್ ತೆಗೆದಿಟ್ಟು ಹೋಲ್ಡರಿಗೆ ಬಾಗಿದ ಸಣ್ಣ ಪೈಪ್ ಹಾಕಿ. ಕೈಪಂಪ್ ಒತ್ತುತ್ತಾ ಇಂಜಿನನ್ನು ಓಡುವ ದಿಕ್ಕಿಗೇ ನಿಧಾನ ತಿರುಗಿಸಿದರೆ ಪೈಪಿನಿಂದ ಧಾರೆಯಾಗಿ ಬರುವ ಡೀಸೆಲ್ ತೆಳ್ಳಗಾಗಿ ಹನಿಯಾಗುತ್ತದೆ. ಹನಿಯಾದ ಜಾಗದಲ್ಲಿ ಫ್ಲೈವೀಲ್ ಆ ಡಿಗ್ರಿಯಲ್ಲೇ ನಿಂತಿರಬೇಕು. ತಡವಾಗಿದ್ದರೆ ಪಂಪನ್ನು ಇಂಜಿನಿಗೆ ಜೋಡಿಸುವ ಕಪ್ಲಿಂಗ್ ಬೋಲ್ಟ್ ಸಡಿಲಿಸಿ ಪಂಪಿನ ಶಾಫ್ಟನ್ನು ಅದು ತಿರುಗುವ ಕಡೆಗೇ ಸ್ವಲ್ಪ ಮುಂದೆ ಮಾಡಿ ಮತ್ತೆ ನೋಡಿ. ಬಿಗಿಮಾಡಿದ ಮೇಲೆ ಇನ್ನೊಂದು ಸಲ ಪೂರ್ತಿ ಎರಡು ಸುತ್ತು ತಿರುಗಿಸಿ ಹನಿ ಅದೇ ಜಾಗಕ್ಕೆ ಬರುತ್ತದೆಯೇ ಪರೀಕ್ಷಿಸಿ. ಬರದಿದ್ದರೆ ಕಪ್ಲಿಂಗ್ ಸವೆದು ಆಟ ಬಂದಿದೆ, ಅದನ್ನು ಬದಲಿಸದೆ ಟೈಮಿಂಗ್ ನಿಲ್ಲುವುದಿಲ್ಲ. ತೆಗೆದಿಟ್ಟ ಡೆಲಿವರಿ ವಾಲ್ವನ್ನು ಶುದ್ಧ ಡೀಸೆಲಿನಲ್ಲಿ ಅದ್ದಿಯೇ ಮತ್ತೆ ಕೂರಿಸಿ, ಬನಿಯನ್ ಬಟ್ಟೆಯಲ್ಲಿ ಒರೆಸಬೇಡಿ, ಅದರ ಒಂದು ಎಳೆ ಸಿಕ್ಕಿದರೂ ವಾಲ್ವ್ ಕೂರುವುದಿಲ್ಲ.